ಉಗುಳಲಾರದ ಗುಟುಕು

ಕಾಂಚನಳಿಗೆ ವಾಸನೆ ಹಿಡಿಯುವ ಮೂಗನ್ನು ದೇವರು ಕೊಟ್ಟಿದ್ದ, ಸುಳ್ಳು ಹೇಳುವ ನಾಲಿಗೆಯನ್ನು ಗಂಡ ಕೊಟ್ಟ. ಮಿರಜ ಪೇಟೆಯಲ್ಲಿ ಅರಿಶಿನ, ಒಣದ್ರಾಕ್ಷಿ ಮಾರುವ ಲಿಂಗಾಯತರ ಮನೆಯ ಸೊಸೆ ಸಲಗರೆ ರಸ್ತೆಯ ವೈನರಿಯಲ್ಲಿ ಕೆಲಸಕ್ಕೆ ಸೇರುವುದೆಂದರೆ ಹುಡುಗಾಟವೇ? ಮೂರು ವರ್ಷದ ಹಿಂದೆ ನೌಕರಿಯ ಆರ್ಡರು ಕೈಗೆ ಬಂದ ದಿನ ಗಂಡ ಸೂರಜನೇ ತಾಯಿಯ ಮುಂದೆ ನಿಂತು, "ಆಯಿ, ಅದು ದ್ರಾಕ್ಷಿ ಸರಬತ್ತಿನ ಫ್ಯಾಕ್ಟರಿ ಅದ" ಎಂದುಬಿಟ್ಟ. ನೀಲಾಬಾಯಿ ನಂಬಿದಳು. ಹೆತ್ತ ಮಗನ ಮಾತು ನಂಬದೆ ಇನ್ನಾರ ಮಾತು ನಂಬಬೇಕು, ಪಾಪ!

ಕಾಂಚನಳೂ ತನಗೊಂದು ಸಮಾಧಾನ ಹುಡುಕಿಕೊಂಡಿದ್ದಳು. ಅವಳ ಕೆಲಸ ವೈನಿನ ರುಚಿ ನೋಡುವುದು. ಬಾಯಿಗೆ ಹಾಕಿಕೊಳ್ಳುವುದು, ನಾಲಿಗೆಯ ಮೇಲೆ ಆಡಿಸುವುದು, ಪಕ್ಕದ ಸ್ಟೀಲ್ ಡಬ್ಬಿಗೆ ಉಗುಳುವುದು. ಮೂರು ವರ್ಷದಲ್ಲಿ ಒಂದು ಹನಿಯೂ ಗಂಟಲು ದಾಟಿರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ಇಷ್ಟಾದರೂ ಉಳಿಸಿಕೊಂಡಿದ್ದೇನಲ್ಲ ಎಂದು ಅವಳಿಗೆ ಒಳಗೊಳಗೇ ಧೈರ್ಯ.

ಈ ಶ್ರಾವಣದಲ್ಲಿ ವೈನರಿ ಹೊಸ ಹಂಗಾಮಿನ ಎರಡು ವೈನು ಹೊರತಂದಿತು: ಬಿಳಿಯದು ಶಾರ್ಡನೆ, ಕೆಂಪಿನದು ಪಿನೋ ನ್ವಾರ್. ಶಾರ್ಡನೆಯಂತೂ ಕಾಂಚನಳದೇ ಕೂಸು. ಯಾವ ಟ್ಯಾಂಕಿನ ವೈನು ಎಷ್ಟು ಬೆರೆಸಬೇಕೆಂದು ತಿಂಗಳುಗಟ್ಟಲೆ ಮೂಸಿ, ಉಗುಳಿ ಅವಳೇ ಗೊತ್ತುಮಾಡಿದ್ದಳು. ಸಾಹೇಬ ಜಯಕುಮಾರ ಎಲ್ಲರೆದುರು ಹೊಗಳಿ, ಎರಡು ಬಾಟಲಿಯ ಒಂದು ಡಬ್ಬ ಕೈಗಿತ್ತ. ಅದನ್ನು ಅಲ್ಲೇ ಬಿಟ್ಟು ಬರಬೇಕಿತ್ತು. ಆದರೆ ಹೆಮ್ಮೆ ಎಂಬುದು ಬಿಡುತ್ತದೆಯೇ? ಗಂಡನಿಗೆ ತೋರಿಸಬೇಕೆಂದು ಮನೆಗೆ ತಂದಳು, ತೋರಿಸಿ ಅಡುಗೆಮನೆಯ ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಟ್ಟಳು. ನಾಳೆ ವಾಪಸ್ ಒಯ್ದರಾಯಿತು ಅಂದುಕೊಂಡಳು.

ನಾಳೆ ಎಂದರೆ ಶ್ರಾವಣ ಸೋಮವಾರ. ಸೂರಜ ಅಂಗಡಿಗೆ ಹೋಗಿದ್ದ. ಕಾಂಚನ ಸ್ನಾನ ಮುಗಿಸಿ ಬಂದು ನೋಡಿದರೆ ಅಕ್ಕಿ ಡ್ರಮ್ಮು ಸರಿದಿದೆ, ಡಬ್ಬ ಬಾಯಿ ತೆರೆದಿದೆ. ಬೂಚು ಹಾಕಿದ್ದ ಕೆಂಪು ಬಾಟಲಿ ಹಾಗೇ ಇದೆ. ತಿರುವಿದರೆ ಬಿಚ್ಚುವ ಮುಚ್ಚಳದ ಬಿಳಿಯದು ಇಲ್ಲ.

ಆ ಮನೆಗೆ ಹೊಸದು ಏನೇ ಬರಲಿ, ಮೊದಲು ನೀಲಾಬಾಯಿಯ ಇಷ್ಟಲಿಂಗಕ್ಕೆ ಅರ್ಪಣೆಯಾಗಬೇಕು. ಹೊಸ ಬೆಲ್ಲವಾಗಲಿ, ಮೊದಲ ಮಾವಿನ ಹಣ್ಣಾಗಲಿ, ಲಿಂಗಕ್ಕೆ ಕೊಡದೆ ಮುದುಕಿ ಬಾಯಿಗಿಟ್ಟವಳಲ್ಲ.

ದೇವರ ಕೋಣೆಯ ಬಾಗಿಲಿಗೆ ಓಡಿದಳು. ಅತ್ತೆ ಮಣೆಯ ಮೇಲೆ ಕೂತಿದ್ದಾಳೆ. ಹಣೆತುಂಬ ವಿಭೂತಿ. ಎಡ ಅಂಗೈ ಮೇಲೆ ಲಿಂಗ, ಬಲಗೈಯಲ್ಲಿ ಬೆಳ್ಳಿ ಬಟ್ಟಲು, ಬಟ್ಟಲಲ್ಲಿ ತೆಳು ಹಳದಿ ಶಾರ್ಡನೆ.

ಕೂಗಲು ಬಾಯಿ ತೆರೆದವಳು ಅಲ್ಲೇ ತಡೆದುಕೊಂಡಳು. ಕೂಗುವುದಾದರೂ ಹೇಗೆ? ಅಂಗೈಯಲ್ಲಿ ಲಿಂಗವಿದ್ದಾಗ ಯಾರೂ ಮಾತಾಡಿಸಬಾರದು. ಹಿಂದೆ ನೀಲಾಬಾಯಿಯ ಅತ್ತೆಯನ್ನು ಪೂಜೆಯ ನಡುವೆ ಯಾರೋ ಗದ್ದಲ ಮಾಡಿ ಬೆಚ್ಚಿಬೀಳಿಸಿದ್ದರಂತೆ. ಲಿಂಗ ಜಾರಿ ನೆಲಕ್ಕೆ ಬಿತ್ತು. ಆ ತಾಯಿ ಒಂಬತ್ತು ದಿನ ಅನ್ನ ಮುಟ್ಟದೆ ಮಲಗಿದವಳು ಮತ್ತೆ ಏಳಲಿಲ್ಲ. ಈ ಕತೆಯನ್ನು ಕಾಂಚನಳಿಗೆ ಹೇಳಿದವಳು ನೀಲಾಬಾಯಿಯೇ.

ಕಾಂಚನ ಬಾಗಿಲಲ್ಲೇ ನಿಂತು ಎರಡೂ ಕೈ ಆಡಿಸಿದಳು, ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ಮುದುಕಿ ಒಮ್ಮೆ ಕಣ್ಣೆತ್ತಿ ನೋಡಿ ನಕ್ಕಳು. ಸೊಸೆಗೆ ಸಂಕೋಚ ಅಂದುಕೊಂಡಳೋ ಏನೋ. ಆಮೇಲೆ ನಿಧಾನವಾಗಿ ಲಿಂಗದ ಮೇಲೆ ಎರೆದಳು. ಕೆಳಗಿನ ತಟ್ಟೆಯಲ್ಲಿ ನಿಂತದ್ದನ್ನು ಕಣ್ಣಿಗೊತ್ತಿಕೊಂಡು ಮೂರು ಸಲ ಕುಡಿದಳು. ಎಂಥ ಕರ್ಮ! ಕಾಂಚನ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಳು. ಓಣಿಯಲ್ಲಿ ಕುಡುಕ ಹಾದುಹೋದರೂ ಸೆರಗಿನಿಂದ ಮೂಗು ಮುಚ್ಚುವ ಹೆಂಗಸು ಅದು. ಈ ವೈನಿಗೆ ಆ ನಾತವಿಲ್ಲ, ಹಣ್ಣಿನ ಘಮವೇ ಇದೆ. ಹಾಗೆ ಮಾಡಿದವಳೂ ಕಾಂಚನಳೇ.

ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ ಮೇಲೆಯೇ ನೀಲಾಬಾಯಿ ಮಾತಾಡಿದಳು.

"ಯಾಕ ಹಂಗ ನಿಂತೀಯವ್ವಾ? ಕೇಳಲಾರ್ದ ತಗೊಂಡೆ ಅಂತ ಸಿಟ್ಟು ಬಂತೇನು? ಹೊಸಾ ಮಾಲು ಬಂದೈತಿ, ಎಲ್ಲಾ ಕಾಂಚನಾನ ಮಾಡ್ಯಾಳ ಅಂತ ಸೂರಜ ಹೇಳ್ದಾ. ಹುಡುಕಿದ್ರ ಡ್ರಮ್ಮಿನ ಹಿಂದ ಸಿಕ್ತು. ನನ್ನ ಸೊಸಿ ಕೈಯಾಗಿಂದು, ಲಿಂಗಕ್ಕ ಕೊಡಲಾರ್ದ ಹೆಂಗಿರ್ಲಿ?"

"ಅತ್ತಿ, ಅದು..."

"ತಡಿ, ಖರೇ ಹೇಳ್ತೀನಿ." ಮುದುಕಿ ದನಿ ತಗ್ಗಿಸಿದಳು. "ಒಂಚೂರು ಹುಳಿ ಆಗೇದ. ಕೆಟ್ಟಿರಬೇಕು. ನಿಮ್ಮ ಸಾಹೇಬನ ಮುಂದ ಅನ್ನಬ್ಯಾಡ, ಸುಮ್ನ ನಿನಗ ಬೈತಾನ. ಲಿಂಗದ ಮ್ಯಾಲಿಂದ ಇಳಿದದ್ದು ಚೆಲ್ಲಬಾರ್ದು ಅಂತ ಕುಡಿದೇನಿ. ನಿನ್ನ ಪಾಲಿಂದು ಇಟ್ಟೇನಿ. ಹಿಡಿ ಕೈ."

ಹೇಳಲು ಇದೇ ಹೊತ್ತು. ಅತ್ತಿ, ಇದು ಸರಬತ್ತಲ್ಲ, ಅಷ್ಟೇ ಮಾತು. ಕಾಂಚನ ಆ ಮುಖ ನೋಡಿದಳು. ಎಪ್ಪತ್ತೆರಡು ವರ್ಷದ ಕೆನ್ನೆ ಸ್ವಲ್ಪ ಕೆಂಪೇರಿತ್ತು. ಸೊಸೆಯ ತಪ್ಪು ಮುಚ್ಚಿಹಾಕಿದ ಖುಷಿಯಲ್ಲಿ ಕಣ್ಣು ಮಿನುಗುತ್ತಿದ್ದವು. ಈ ಮಾತು ಆಡಿದರೆ ಇಂದೇ ಊಟ ಬಿಟ್ಟು ಮಲಗುತ್ತಾಳೆ. ಮತ್ತೆ ಎಬ್ಬಿಸುವವರು ಯಾರು?

ಅವಳು ಅಂಗೈ ಒಡ್ಡಿದಳು. ಅತ್ತೆ ಸುರಿದದ್ದನ್ನು ಬಾಯಿಗೆ ಹಾಕಿಕೊಂಡಳು. ರೂಢಿಯ ನಾಲಿಗೆ ತಾನೇ ಅದನ್ನು ಆಡಿಸಿತು. ಕಣ್ಣು ಉಗುಳುವ ಡಬ್ಬಿಗಾಗಿ ಅತ್ತಿತ್ತ ಹುಡುಕಿತು. ಪ್ರಸಾದ ಉಗುಳುವುದುಂಟೇ! ಗಟ್ಟಿಯಾಗಿ ಕಣ್ಣು ಮುಚ್ಚಿ ನುಂಗಿದಳು. ಮೂರು ವರ್ಷ ಕಾಯ್ದುಕೊಂಡದ್ದು ಒಂದೇ ಗುಟುಕಿಗೆ ಹೋಯಿತು.

"ಹೆಂಗದ?" ಎಂದಳು ಅತ್ತೆ.

"ಛಲೋ ಅದ್ರಿ."

"ಹೌದಾ? ಹಂಗಾದ್ರ ನನ್ನ ನಾಲಿಗೀನ ಕೆಟ್ಟೈತಿ ಬಿಡು!" ನೀಲಾಬಾಯಿಗೆ ಹಿಗ್ಗೋ ಹಿಗ್ಗು. ಬಾಟಲಿಯ ಮುಚ್ಚಳ ತಿರುವಿ ಭದ್ರಮಾಡಿ, ಸೆರಗಿನಿಂದ ಒರೆಸಿ, ದೇವರ ಜಗಲಿಯ ಮೇಲೆ ಹಾಲಿನ ಗಿಂಡಿಯ ಪಕ್ಕ ಇಟ್ಟಳು.

"ದಿನಾ ಒಂದೊಂದು ಬಟ್ಟಲ ಎರದ್ರ, ಶ್ರಾವಣ ಮುಗಿಯೂ ತನಕ ಆಗ್ತದ."