ಮೇಲಿನ ಲಾಂಚಿನ ನಾಲ್ಕನೇ ಸರಣಿ

ಅಕ್ಷರ ಇನ್ನೂ ಹೋಗಿಲ್ಲ, ಪರದೆಯ ಕೆಳಗೆ ಬಿಳಿ ಸಾಲು ಮತ್ತೆ ಬಂತು, ಸಬ್‌ಟೈಟಲ್ ಆಫ್ ಎಂದು ಎರಡು ಸಲ ಒತ್ತಿದ್ದೇನೆ, ಒತ್ತಿದಾಗ ಹೋಗುತ್ತದೆ, ದೃಶ್ಯ ಬದಲಾದ ಕೂಡಲೇ ಮತ್ತೆ ಹಾಜರು — ಹದಿನೈದು ವರ್ಷದಿಂದ ತೀರ್ಥಹಳ್ಳಿಯ ಮಕ್ಕಳಿಗೆ ಭೌತಶಾಸ್ತ್ರ ಹೇಳುವ ಸುಪ್ರಿಯಾ ಮೇಡಂಗೆ ಮನೆಯ ಟೀವಿಯ ರಿಮೋಟು ಬಗ್ಗುತ್ತಿಲ್ಲ, ಹಿಂದಿನ ಬೆಂಚಿನವರು ನೋಡಿದ್ದರೆ ಒಂದು ವಾರ ನಗುತ್ತಿದ್ದರು. ಅಪ್ಪ ಬೆತ್ತದ ಕುರ್ಚಿಯಲ್ಲಿ ಕೂತಿದ್ದಾನೆ, ಕುತ್ತಿಗೆಗೆ ಟವೆಲು, ಉಸಿರು ಒಳಗೆ ಹೋಗುವಾಗ ಸಣ್ಣಗೆ ಸೀಟಿ, ಭಾನುವಾರ ಬೆಳಿಗ್ಗೆ ಹತ್ತು, ನಾನು ಚಿಕ್ಕವಳಿದ್ದಾಗ ಈ ಧಾರಾವಾಹಿ ಬರುತ್ತಿದ್ದದ್ದೂ ಭಾನುವಾರ ಬೆಳಿಗ್ಗೆ ಹತ್ತಕ್ಕೇ. ನಾಳೆ ಆರರ ಬಸ್ಸು, ಆಗುಂಬೆ ಘಾಟಿ ಇಳಿದು ಕೆಳಗಿನ ಆಸ್ಪತ್ರೆ, ನಾಡಿದ್ದು ಆಪರೇಷನ್, ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕಾಗ್ತದೆ, ಜೀವಕ್ಕೆ ಭಯ ಇಲ್ಲ, ಮಾತು ಮಾತ್ರ ಇರೋದಿಲ್ಲ ಎಂದು ಡಾಕ್ಟರು ಫೈಲು ಮುಚ್ಚುತ್ತ ಹೇಳಿದರು, ಮಾತು ಮಾತ್ರ. ಅವ್ವ ಮೊನ್ನೆಯೇ ಪೇಟೆಗೆ ಹೋಗಿ ಸ್ಲೇಟು ಬಳಪ ತಂದಿಟ್ಟಳು, ನಾಲ್ಕನೇ ಕ್ಲಾಸು ಓದಿದ ಅಪ್ಪ ಅದರ ಮೇಲೆ ನೀರು ಎಂದು ಬರೆದ, ಸಾಕು ಎಂದು ಬರೆದ, ಆಮೇಲೆ ಬರೆಯಲು ಏನೂ ತೋಚದೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತ. ದನಿಯನ್ನಾದರೂ ಇಟ್ಟುಕೊಳ್ಳೋಣ ಎಂದು ನಾನು ಫೋನು ಹಿಡಿದೆ, ಏನಾದ್ರೂ ಮಾತಾಡಪ್ಪ ಎಂದೆ, ಅವನು ಬೆನ್ನು ನೆಟ್ಟಗೆ ಮಾಡಿ ಗಂಟಲು ಸರಿಮಾಡಿಕೊಂಡು ನಾನು ಬೆಳ್ಳಪ್ಪ, ಹಿನ್ನೀರಿನಲ್ಲಿ ಲಾಂಚ್ ಡ್ರೈವರ್ ಆಗಿದ್ದೆ, ಎಲ್ಲರೂ ಆರಾಮಾಗಿರಿ, ಎಂದು ವಾರ್ತೆ ಓದಿದ ಹಾಗೆ ಓದಿ ಮುಗಿಸಿದ. ನನಗೆ ಬೇಕಿದ್ದ ದನಿ ಅದಲ್ಲ. ಕಥೆ ಹೇಳುವ ದನಿ ಬೇಕಿತ್ತು, ಅದನ್ನು ಕೇಳಿ ಹದಿನೈದು ವರ್ಷವಾಯಿತು, ಅದು ನಿಂತದ್ದು ನನ್ನಿಂದಲೇ.

ಸಾಗರ ತಾಲ್ಲೂಕಿನ ಆ ದಡ, ಶರಾವತಿಯ ಹಿನ್ನೀರು, ಬಸ್ಸು ಬೈಕು ಜನರನ್ನು ಆಚೆ ದಡಕ್ಕೆ ದಾಟಿಸುವ ಲಾಂಚು ನಿಲ್ಲುವ ಜಾಗದ ಮೇಲೆ ನಮ್ಮ ಎರಡು ಕೋಣೆಯ ಮನೆ, ಕಪ್ಪು ಬಿಳುಪು ಟೀವಿ, ಆ್ಯಂಟೆನಾ ತಿರುಗಿಸಲು ನಾನು, ಬಂತಾ ಎಂದು ನಾನು, ಹೋಯ್ತು ಎಂದು ಅವ್ವ. ಏಳನೇ ಕಕ್ಷೆ ಅದರ ಹೆಸರು, ಯಾವುದೋ ದೇಶದ ಬಾಹ್ಯಾಕಾಶದ ಧಾರಾವಾಹಿ, ಹಿಂದಿಯಲ್ಲಿ ಬರುತ್ತಿತ್ತು, ಮನೆಯಲ್ಲಿ ಯಾರಿಗೂ ಹಿಂದಿ ಬರುತ್ತಿರಲಿಲ್ಲ, ಅಪ್ಪನಿಗೆ ಬರುತ್ತದೆಂದು ನಾನು ನಂಬಿದ್ದೆ. ಅಪ್ಪ ಅದನ್ನು ಮೇಲಿನ ಲಾಂಚು ಎಂದು ಕರೆಯುತ್ತಿದ್ದ. ನೌಕೆಯ ಕ್ಯಾಪ್ಟನ್ ಹೆಸರು ಹೂವಯ್ಯ, ಎಂಜಿನ್ ನೋಡಿಕೊಳ್ಳುವ ಹೆಂಗಸು ಪುಷ್ಪಮ್ಮ, ನನಗೆ ಒಮ್ಮೆಯೂ ಅನುಮಾನ ಬರಲಿಲ್ಲ, ಅಷ್ಟು ಬೆಳ್ಳಗಿರುವ ಹೂವಯ್ಯನನ್ನು ಎಲ್ಲಿ ನೋಡಿದ್ದೆನೋ. ಹೂವಯ್ಯ ಹೇಳ್ತಾನೆ, ಪುಷ್ಪಮ್ಮ, ಡೀಸೆಲ್ ಎಷ್ಟು ಉಳ್ದದೆ, ಪುಷ್ಪಮ್ಮ ಹೇಳ್ತಾಳೆ, ಆಚೆ ದಡ ಮುಟ್ಟೋವಷ್ಟು ಇದೆ, ವಾಪಸು ಬರೋಕೆ ಇಲ್ಲ. ಹೇಳುವ ಮೊದಲು ಅಪ್ಪ ಎಡಗೈ ಮೇಲೆತ್ತುತ್ತಿದ್ದ, ಅದು ಲಾಂಚಿನ ಅಭ್ಯಾಸ — ದಡ ಹತ್ತಿರ ಬರುವಾಗ ಬಲಗೈ ಚಕ್ರದ ಮೇಲೆ, ಎಡಗೈ ಕ್ಯಾಬಿನ್ನಿನ ಕಿಟಕಿಯಿಂದಾಚೆ ಮೇಲಕ್ಕೆ, ಆ ಕೈ ಕೆಳಗೆ ಬರುವ ತನಕ ಯಾರೂ ಅಲುಗಾಡುವಂತಿಲ್ಲ, ಬಸ್ಸಿನವನು ಕೀಲಿ ತಿರುಗಿಸುವಂತಿಲ್ಲ, ಹಗ್ಗದ ಭೂತಪ್ಪ ಹಗ್ಗ ಎಸೆಯುವಂತಿಲ್ಲ, ಅವಸರದ ಬೈಕಿನವನೊಬ್ಬ ಕೈ ನೋಡದೆ ಹೊರಟು ಹಲಗೆ ದಡಕ್ಕೆ ತಾಗುವ ಮೊದಲೇ ಸೊಂಟದವರೆಗೆ ನೀರಿಗೆ ಇಳಿದಿದ್ದ. ಟೀವಿಯ ಮುಂದೆಯೂ ಹಾಗೇ, ಕೈ ಮೇಲೆ ಹೋದರೆ ನಾನೂ ಅವ್ವನೂ ಉಸಿರು ಹಿಡಿಯಬೇಕು, ಕೈ ಇಳಿಯಿತೆಂದರೆ ಮಾತು ಬಂತು. ಎರಡನೇ ಸರಣಿಯಲ್ಲಿ ಗಾಳಿ ಮುಗಿದ ಒಂದು ಗ್ರಹ, ಜನ ಊರು ಬಿಡುತ್ತಾರೆ, ಅಪ್ಪ ಹೇಳಿದ, ಮನೆ ಮನೆಗೂ ಕೆಂಪು ಬಣ್ಣದಲ್ಲಿ ನಂಬರ್ ಬರ್ದು ಹೋಗಿದಾರೆ, ಈ ಮುದುಕಿ ಬಾಗ್ಲ ಚೌಕಟ್ಟು ಬಿಚ್ಕೊಂಡು ಹೋಗ್ತೀನಿ ಅಂತಿದಾಳೆ, ಲಾರಿಲಿ ಜಾಗ ಇಲ್ಲ ಅಂತಾರೆ. ಅಪ್ಪ ಹುಟ್ಟಿದ ಊರು ಅಣೆಕಟ್ಟಿನ ನೀರಿನ ಅಡಿಯಲ್ಲಿದೆ, ಲಾಂಚು ದಿನಾ ಅದರ ಮೇಲೇ ಹೋಗುತ್ತಿತ್ತು, ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಹನ್ನೆರಡು ವರ್ಷಕ್ಕೆ ಇರಲಿಲ್ಲ. ಕರೆಂಟು ಹೋಗುತ್ತಿತ್ತು, ನಾಡಿಗೆಲ್ಲ ಕರೆಂಟು ಕೊಡುವ ನೀರಿನ ದಡದಲ್ಲಿ ಕೂತು ನಾವು ಕರಿ ಪರದೆ ನೋಡುತ್ತಿದ್ದೆವು, ಕರೆಂಟು ಹೋದರೂ ಅಪ್ಪನ ಕಥೆ ನಿಲ್ಲುತ್ತಿರಲಿಲ್ಲ — ಅದು ಅವನೇ ಕಟ್ಟಿದ್ದೆಂದು ಆಗಲಾದರೂ ನನಗೆ ಗೊತ್ತಾಗಬೇಕಿತ್ತು.

ಮೂರನೇ ಸರಣಿಯ ಕೊನೆಯಲ್ಲಿ ಹೂವಯ್ಯ ಸತ್ತ. ನೌಕೆ ಉರಿಯುತ್ತಿದೆ, ಎಲ್ಲರೂ ಸಣ್ಣ ದೋಣಿಗಳಿಗೆ ಇಳಿಯುತ್ತಿದ್ದಾರೆ, ಹೂವಯ್ಯನೊಬ್ಬ ಚಕ್ರ ಬಿಡದೆ ನಿಂತಿದ್ದಾನೆ, ಅವನ ತುಟಿ ಅಲ್ಲಾಡಿತು, ಅಪ್ಪನ ಕೈ ಇಳಿಯಿತು, ನೀವು ಇಳೀರಿ, ನಾನು ಇಳಿಯಲ್ಲ, ಎಲ್ಲರೂ ದಡ ಮುಟ್ಟೋ ತನಕ ಹಗ್ಗ ನಾನು ಹಿಡ್ಕೊಂಡಿರ್ತೀನಿ. ನಾನು ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಕಾಲೇಜಿಗೆ ಬಂದ ಮೇಲೆ ಅದೇ ಕಂತನ್ನು ಇಂಗ್ಲಿಷಿನಲ್ಲಿ ನೋಡಿದರೆ ಆ ಮನುಷ್ಯ ಹೇಳುವುದು ರಿಯಾಕ್ಟರಿನ ಒತ್ತಡ ಮಿತಿ ಮೀರಿದೆ, ಉಳಿದವರು ಆರನೇ ದ್ವಾರದಿಂದ ಹೊರಡಿ — ಅಷ್ಟೇ, ನೋಟೀಸು ಬೋರ್ಡಿನ ಮಾತು. ಇನ್ನು ನಾಲ್ಕನೇ ಸರಣಿ, ಅದರ ಬಗ್ಗೆ ನನ್ನನ್ನು ಕೇಳಬೇಡಿ ಅಂದರೂ ಕೇಳುತ್ತಾರೆ, ಸಾಗರದ ಲಿಖಿತ್, ನನ್ನ ಹಳೆಯ ವಿದ್ಯಾರ್ಥಿ, ಆನ್‌ಲೈನಿನಲ್ಲಿ ಏಳನೇ ಕಕ್ಷೆಯ ಅಭಿಮಾನಿಗಳ ಕನ್ನಡ ಗುಂಪು ನಡೆಸುತ್ತಾನೆ, ಮೇಡಂ, ಐದು ಸರಣಿಲೂ ನಾಲ್ಕನೇದೇ ಬೆಸ್ಟು, ಅದು ಅರ್ಥ ಆಗೋಕೆ ಸ್ವಲ್ಪ ಮೆಚ್ಯೂರಿಟಿ ಬೇಕು. ನನಗೆ ಮೆಚ್ಯೂರಿಟಿ ಕಲಿಸಲು ಬಂದ, ಲ್ಯಾಬಿನಲ್ಲಿ ಎರಡು ಪ್ರಿಸಮ್ ಒಡೆದವನು. ನಾನು ಉದ್ದಕ್ಕೆ ಬರೆದು ಹಾಕಿದೆ: ಅದರಲ್ಲಿ ನೌಕೆಯೇ ಇಲ್ಲ, ಇರುವುದು ಆಕಾಶದಲ್ಲಿ ನಿಂತಲ್ಲೇ ನಿಂತ ಒಂದು ಕಟ್ಟೆ, ಬಂದವರು ಮೀಟಿಂಗು ಮಾಡುತ್ತಾರೆ, ಹೋದವರ ಬಗ್ಗೆ ಇನ್ನೊಂದು ಮೀಟಿಂಗು, ದೀಪ ಹಚ್ಚುವುದಿಲ್ಲ, ಯಾರ ಮುಖವೂ ಕಾಣುವುದಿಲ್ಲ, ಕತ್ತಲೆ ಇದ್ದರೆ ಗಂಭೀರ ಎಂದು ಯಾರೋ ಇವರ ತಲೆಗೆ ತುಂಬಿದ್ದಾರೆ, ಎಲ್ಲಕ್ಕಿಂತ ದೊಡ್ಡ ಮೋಸವೆಂದರೆ ಆರನೇ ಕಂತಿನಲ್ಲಿ ಸತ್ತ ಕ್ಯಾಪ್ಟನ್ ಎದ್ದು ಬರುತ್ತಾನೆ, ಸತ್ತೇ ಇರಲಿಲ್ಲವಂತೆ, ಯಾವುದೋ ಪೆಟ್ಟಿಗೆಯಲ್ಲಿ ನಿದ್ದೆ ಮಾಡಿದ್ದನಂತೆ, ಒಬ್ಬ ಮನುಷ್ಯನ ಸಾವನ್ನು ನಂಬಿ ಅತ್ತವರಿಗೆ ಇದು ಅವಮಾನ. ನಾನೂರು ಜನ ಮೆಚ್ಚಿದರು, ಮುನ್ನೂರು ಜನ ಜಗಳಕ್ಕೆ ಬಂದರು, ನನಗೆ ಎರಡೂ ಖುಷಿಯೇ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಆದರೆ ನಿಜವಾದ ಕಾರಣವನ್ನು ನಾನು ಅದರಲ್ಲಿ ಬರೆದಿರಲಿಲ್ಲ.

ಕೆಲಸ ಸಿಕ್ಕಿದ ವರ್ಷ, ಇದೇ ಊರಿನಲ್ಲಿ ಬಾಡಿಗೆ ಕೋಣೆ, ಯಾರೋ ಪೆನ್‌ಡ್ರೈವಿನಲ್ಲಿ ನಾಲ್ಕನೇ ಸರಣಿ ಕೊಟ್ಟಿದ್ದರು, ಅಪ್ಪ ರಜೆ ಹಾಕಿ ಹೊಸನಗರದ ಮೇಲೆ ಎರಡು ಬಸ್ಸು ಬದಲಾಯಿಸಿ ಬಂದಿದ್ದ, ಬ್ಯಾಗಿನಲ್ಲಿ ಅವ್ವ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ, ಮೇಲಿನ ಲಾಂಚು ಹೊಸದು ಬಂದದ್ಯಂತಲ್ಲ, ಹಾಕು ಮಾರಾಯ್ತಿ ಎಂದ. ಹಾಕಿದೆ. ಕೋಣೆಯ ಕಿಟಕಿ ಮುಚ್ಚಿದೆ, ಲ್ಯಾಪ್‌ಟಾಪಿನ ನೀಲಿ ಬೆಳಕು, ಅದರಲ್ಲಿ ಒಂದು ಬಾಗಿಲು ತೆರೆಯುತ್ತದೆ, ಒಬ್ಬ ಹೆಂಗಸು ಪೆಟ್ಟಿಗೆ ಹಿಡಿದು ಬರುತ್ತಾಳೆ, ಮೊದಲ ಮಾತು, ನಾನು ಕೆಳಗಿನ ಸಾಲು ಓದುತ್ತಿದ್ದೇನೆ, ಪಕ್ಕದಲ್ಲಿ ಅಪ್ಪನ ಎಡಗೈ ಮೇಲೆ ಹೋಯಿತು — ಅಪ್ಪ, ಕೆಳಗೆ ಬರೀತಾ ಇದೆ, ಸುಮ್ನಿರು. ನಾನು ಅವನ ಕಡೆ ತಿರುಗಿಯೂ ನೋಡಲಿಲ್ಲ. ಸಿಟ್ಟಿನಲ್ಲಿ ಹೇಳಿದ್ದಲ್ಲ, ಸಿಟ್ಟಿನಲ್ಲಿ ಹೇಳಿದ್ದರೆ ಕ್ಷಮೆ ಕೇಳುವುದು ಸುಲಭವಾಗಿತ್ತು. ಕಣ್ಣಂಚಿನಲ್ಲಿ ಆ ಕೈ, ನೀಲಿ ಬೆಳಕಿನಲ್ಲಿ ಬೆರಳುಗಳು, ಮೇಲೂ ಇಲ್ಲ ಕೆಳಗೂ ಇಲ್ಲ, ಎಷ್ಟು ಹೊತ್ತು ಇತ್ತೋ, ಆಮೇಲೆ ಅದು ಅಂಗಿಯ ಜೇಬಿಗೆ ಹೋಗಿ ಎಲೆಅಡಿಕೆಯ ಪೊಟ್ಟಣ ತೆಗೆಯಿತು. ಇಂಗ್ಲಿಷ್ ಅಕ್ಷರ ಅವನಿಗೆ ಓದಲು ಬರುವುದಿಲ್ಲ ಎಂದು ನನಗೆ ಹೊಳೆದದ್ದು ಕಂತು ಮುಗಿದ ಮೇಲೆ. ಚೆನ್ನಾಗಿತ್ತು ಎಂದ. ಆಮೇಲೆ ಯಾವತ್ತೂ ಕಥೆ ಹೇಳಲಿಲ್ಲ, ಕೇಳಿದರೂ ನಿಂಗೇ ಎಲ್ಲ ಗೊತ್ತದೆಯಲ್ಲ ಎನ್ನುತ್ತಿದ್ದ, ಬಾಯಲ್ಲಿ ಯಾವಾಗಲೂ ಎಲೆಅಡಿಕೆಯ ಕವಳ, ಹೊಗೆಸೊಪ್ಪು ಜಾಸ್ತಿಯಾಯಿತು ಎಂದು ಅವ್ವ ಫೋನಿನಲ್ಲಿ ದೂರುತ್ತಿದ್ದಳು. ಒಂದು ಮಾತಿಗೂ ಗಂಟಲ ಗಡ್ಡೆಗೂ ಸಂಬಂಧ ಕಟ್ಟಬಾರದು, ಮಕ್ಕಳಿಗೆ ನಾನೇ ಹೇಳುತ್ತೇನೆ, ಒಂದರ ಹಿಂದೆ ಇನ್ನೊಂದು ಬಂದರೆ ಮೊದಲಿನದೇ ಕಾರಣ ಎನ್ನಬೇಡಿ, ಹೇಳುತ್ತೇನೆ, ಮತ್ತೆ ಸ್ಟಾಫ್ ರೂಮಿಗೆ ಬಂದು ಆ ಪೊಟ್ಟಣವನ್ನೇ ನೆನೆಯುತ್ತೇನೆ.

ಹೋದ ವಾರ ಭೂತಪ್ಪ ಬಂದಿದ್ದ, ಹಗ್ಗದ ಭೂತಪ್ಪ, ತಲೆ ಪೂರ್ತಿ ಬೆಳ್ಳಗಾಗಿದೆ, ಸೇತುವೆ ಆದ್ಮೇಲೆ ನಮ್ಮನ್ನ ಯಾರು ಕೇಳ್ತಾರೆ ಎಂದು ನಗುತ್ತ ಕೂತ, ಅಪ್ಪ ಮಲಗಿದ ಮೇಲೆ ಜಗುಲಿಯಲ್ಲಿ ನನಗೆ ಹೇಳಿದ, ನಿಮ್ಮಪ್ಪಂದು ಎಂತ ಕಷ್ಟ ಗೊತ್ತದಾ, ವಾರಪೂರ್ತಿ ಲಾಂಚ್ ಮೇಲೆ ಇದೇ ಯೋಚ್ನೆ, ಭಾನುವಾರ ಮಗಳಿಗೆ ಎಂತ ಹೇಳೋದು, ಚಿತ್ರದಾಗೆ ಎಂತ ಬರ್ತದೋ ಗೊತ್ತಿಲ್ಲ, ಬೆಂಕಿ ಬಂದ್ರೆ ಈ ಮಾತು, ನೀರು ಬಂದ್ರೆ ಆ ಮಾತು, ಎಲ್ಲಾ ಮೊದಲೇ ಕಟ್ಟಿಟ್ಕಂಡಿರ್ತಿದ್ರು. ಒಂದಿನ ಲಾಂಚ್ ಮೇಲೆ ನಾನೇ ಕೇಳ್ದೆ, ಹೂವಯ್ಯನ್ನ ಎಂತಕ್ಕೆ ಸಾಯ್ಸಿದ್ರಿ ಅಂತ. ಅದಕ್ಕೆ ಹೇಳಿದ್ರು, ಸಾಯೋದು ಟೀವಿಯವ್ರ ಕೈಲದೆ, ಮಾತು ನಮ್ ಕೈಲದೆ ಭೂತಪ್ಪ. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ, ತೊಳೆದ ಪಾತ್ರೆಗಳನ್ನೇ ಇನ್ನೊಮ್ಮೆ ತೊಳೆದೆ.

ಈಗ ಹೋಯಿತು. ಸೆಟ್ಟಿಂಗಿನ ಒಳಗೆ ಇನ್ನೊಂದು ಸೆಟ್ಟಿಂಗು, ಸದಾ ತೋರಿಸು ಎಂದು ಇತ್ತು, ತೆಗೆದೆ, ಬಿಳಿ ಸಾಲು ಹೋಯಿತು, ದನಿಯನ್ನೂ ಪೂರ್ತಿ ಇಳಿಸಿದೆ. ಮೂರು ಸರಣಿಯನ್ನು ಅಪ್ಪ ನನಗೆ ಹೇಳಿ ಮುಗಿಸಿದ್ದಾನೆ, ಐದನೆಯದು ಇನ್ನೂ ಅರ್ಧ ಬಂದಿದೆ, ಹೇಳದೆ ಉಳಿದದ್ದು ಈ ನಾಲ್ಕನೆಯದೊಂದೇ, ನಾನು ಹದಿನೈದು ವರ್ಷ ಬೈದುಕೊಂಡು ಬಂದದ್ದು. ಬಾಗಿಲು ತೆರೆಯಿತು, ಹೆಂಗಸು ಪೆಟ್ಟಿಗೆ ಹಿಡಿದು ಬಂದಳು, ತುಟಿ ಅಲ್ಲಾಡಿತು, ಮನೆಯಲ್ಲಿ ಕೇಳಿಸುವುದು ಎರಡೇ, ಅಪ್ಪನ ಉಸಿರಿನ ಸೀಟಿ ಮತ್ತು ಒಳಗೆ ಅವ್ವ ಗಂಜಿ ತಿರುವುವ ಸೌಟು. ಅವರನ್ನ ಮಾತಾಡ್ಸಬೇಡ ಸುಪ್ರಿ, ಗಂಟ್ಲಿಗೆ ಆಯಾಸ ಕೊಡಬಾರ್ದು ಅಂದಿದಾರೆ, ಎಂದು ಅಲ್ಲಿಂದಲೇ ಹೇಳಿದಳು. ಅಪ್ಪ ಪರದೆಯ ಕೆಳಗಿನ ಅಂಚನ್ನೇ ನೋಡುತ್ತಿದ್ದಾನೆ, ಪರದೆಯವರ ಮುಖವನ್ನಲ್ಲ, ಅಂಚನ್ನು, ಬಹಳ ಹೊತ್ತು ನೋಡಿ ಕೇಳಿದ, ದನಿ ತರಗೆಲೆ ಎಳೆದ ಹಾಗೆ, ಕೆಳಗೆ ಬರೀತಿಲ್ವಾ.

ಇಲ್ಲ ಅಪ್ಪ. ಇಲ್ಲ, ಬರೀತಿಲ್ಲ. ಹದಿನೈದು ವರ್ಷ ಅವನೂ ಆ ಮಾತನ್ನು ಇಟ್ಟುಕೊಂಡೇ ಇದ್ದ, ನಾಡಿದ್ದಿನಿಂದ ಅವನದೆಲ್ಲ ಸ್ಲೇಟಿನ ಮೇಲೆ, ನಾನು ಬಗ್ಗಿ ಓದಬೇಕು. ನೀನೇ ಹೇಳ್ಬೇಕು ಅಪ್ಪ, ನಂಗೆ ಇದು ಒಂದೂ ಅರ್ಥ ಆಗಿಲ್ಲ ಎಂದೆ, ಅದು ಸುಳ್ಳಲ್ಲ. ಅವನು ಸ್ಲೇಟನ್ನು ಮಡಿಲಿನಿಂದ ತೆಗೆದು ನೆಲಕ್ಕೆ ಇಟ್ಟ. ಹೂವಯ್ಯ ಇದ್ರಾಗೆ ಇದಾನಾ ಎಂದ. ಸತ್ತವನು ಎದ್ದು ಬರಬಾರದು, ಅದು ಅವಮಾನ, ನಾನೂರು ಜನ ಮೆಚ್ಚಿದ ಮಾತು — ಇದಾನೆ ಅಪ್ಪ, ಆರನೇ ಕಂತಿಗೆ ಬರ್ತಾನೆ, ಹೇಳುವಾಗ ನನಗೆ ಖುಷಿಯಾಯಿತು, ಬರಲಿ, ಪೆಟ್ಟಿಗೆಯಿಂದಲೋ ಎಲ್ಲಿಂದಲೋ ಎದ್ದು ಬರಲಿ, ಬಂದು ಏನಾದರೂ ಮಾತಾಡಲಿ. ಆರರ ತನಕ ಅಂದ್ರೆ ಸಂಜೆ ಆಗ್ತದೆ ಎಂದ ಅಪ್ಪ, ಗಂಟಲು ಮುಟ್ಟಿ ನೋಡಿಕೊಂಡ, ಲಾಂಚು ಹೊರಡುವ ಮೊದಲು ಡೀಸೆಲ್ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡುತ್ತಿದ್ದನಲ್ಲ, ಅದೇ ಮುಖ. ನೋಡೋಣ, ಎಂದ. ಪರದೆಯಲ್ಲಿ ಹೆಂಗಸು ಪೆಟ್ಟಿಗೆ ಕೆಳಗಿಟ್ಟು ಯಾರಿಗೋ ಏನೋ ಹೇಳಲು ತಿರುಗಿದಳು, ಆ ಸಾಲು ನನಗೆ ಬಾಯಿಪಾಠ, ಬೇಡ, ಅದು ಬೇಡ, ಒಳಗೆ ಸೌಟಿನ ಸದ್ದು ನಿಂತಿದೆ, ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಾಳೆ, ಕುರ್ಚಿಯ ತೋಳಿನಿಂದ ಅಪ್ಪನ ಎಡಗೈ ಎದ್ದಿದೆ, ನೀಲಿ ಬೆಳಕಿನಲ್ಲಿ ಐದು ಬೆರಳು, ಮೇಲಿದೆ, ಇನ್ನೂ ಮೇಲಿದೆ, ಅದು ಇಳಿದು ಮಾತು ಬರುವ ತನಕ ಯಾರೂ ಅಲುಗಾಡುವಂತಿಲ್ಲ, ಕೈ —