ಮಣ್ಣಿಗೂ ಒಂದು ಟಚ್‌ಅಪ್

ಹೆಂಡತಿ ನೆಟ್ಟ ನಿಂಬೆ ಗಿಡದ ಎಲೆಗಳು ಹಳದಿಯಾಗತೊಡಗಿದಾಗ ಫೋಟೋ ಸ್ಟುಡಿಯೋ ಯಜಮಾನರು ಸುಮ್ಮನೆ ಕೂರಲಿಲ್ಲ. ಕೂತಿದ್ದರೆ ಗಿಡ ಇನ್ನಷ್ಟು ದಿನ ಬಾಳುತ್ತಿತ್ತೋ ಏನೋ. ಹಿಮ ಬೀಳುವ ದೇಶದ ಯಾವನೋ ಗಡ್ಡದವನನ್ನು ಫೋನಿನಲ್ಲಿ ನೋಡಿ, ಸುಡುಬಿಸಿಲಿನಲ್ಲಿ ಗಿಡದ ಬುಡಕ್ಕೆ ಹಳೇ ಕಂಬಳಿ ಹೊದಿಸಿದರು. ಚಳಿಯಾಗಬಾರದಂತೆ!

"ಆ ಗಡ್ಡದವನಿಗೆ ನಮ್ಮ ಹಿತ್ತಲು ಗೊತ್ತಾ? ಕೃಷಿ ಕಚೇರಿ ಇಲ್ಲೇ ಇದೆ, ಹೋಗಿ ಕೇಳ್ರೀ," ಎಂದಳು ಹೆಂಡತಿ. ಆ ಗಿಡವೆಂದರೆ ಅವಳಿಗೆ ಜೀವ. ನರ್ಸರಿಯೆಲ್ಲ ಅಲೆದು, ತಾನೇ ಆರಿಸಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು.

ಕೃಷಿ ಕಚೇರಿಯ ಮೇಡಂ, "ಬುಡದ ಮಣ್ಣು ತನ್ನಿ. ನೋಡಿ, ನಮ್ಮ ಕಡೆ ನೀರಿಗೆ, ಬಿಸಿಲಿಗೆ ಏನು ಹೊಂದತ್ತೋ ಹೇಳ್ತೀನಿ," ಎಂದರು.

ಬುಡ ಕೆದಕಿದರೆ ಬರೀ ಗಾರೆ ಚೂರು. ಗೋಡೆ ಒಡೆಸಿದಾಗ ಅಲ್ಲಿ ಸುರಿಸಿದ ಪುಣ್ಯಾತ್ಮರೂ ಇವರೇ. ಇಂಥ ಮಣ್ಣನ್ನು ಅಧಿಕಾರಿಯ ಮುಂದಿಟ್ಟರೆ ಮನೆತನದ ಮರ್ಯಾದೆ ಏನಾಗಬೇಕು? ಫೋಟೋಗಳಲ್ಲಿ ಮದುಮಕ್ಕಳ ಮೊಡವೆ ಅಳಿಸಿ ಪಳಗಿದ ಕೈ. ಚೂರು ಆರಿಸಿ ಎಸೆದು, ಜರಡಿ ಹಿಡಿದು, ಅಂಗಡಿಯ ಕಪ್ಪು ಗೊಬ್ಬರವನ್ನು ಧಾರಾಳವಾಗಿ ಬೆರೆಸಿ, ಗಾಜಿನ ಡಬ್ಬಿಗೆ ತುಂಬಿ ಕೊಟ್ಟು ಬಂದರು.

ಮಣ್ಣು ಫಸ್ಟ್ ಕ್ಲಾಸಿನಲ್ಲಿ ಪಾಸಾಯಿತು. "ಮಣ್ಣಲ್ಲಿ ಏನೂ ಕೊರತೆ ಇಲ್ಲ. ಗಿಡದ ತಳಿಯೇ ಸರಿಯಿಲ್ಲ ಅನ್ಸತ್ತೆ. ಕಿತ್ತು ಬೇರೆ ನೆಡಿ," ಎಂದರು ಮೇಡಂ.

ಹೆಂಡತಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಅತ್ತಳು. "ನಾನೇ ನೋಡಿ ನೋಡಿ ಕೆಟ್ಟದ್ದನ್ನ ಆರಿಸ್ಕೊಂಡು ಬಂದೆ."

ಸತ್ಯ ಯಜಮಾನರ ನಾಲಿಗೆ ತುದಿಗೆ ಬಂದಿತ್ತು. ಅದನ್ನು ನುಂಗಿ, ಅವಳ ಬೆನ್ನು ಸವರಿ, ದೊಡ್ಡ ಮನಸ್ಸು ಮಾಡಿ, "ಹೋಗ್ಲಿ ಬಿಡೇ. ತಪ್ಪು ಯಾರಿಂದ ಆಗಲ್ಲ?" ಎಂದು ಕ್ಷಮಿಸಿಯೂ ಬಿಟ್ಟರು. ಆಮೇಲೆ ಗುದ್ದಲಿ ತಂದು ಗಿಡ ಕಿತ್ತರು.

ಇನ್ನೊಂದನ್ನು ಆರಿಸುವ ಧೈರ್ಯ ಅವಳಿಗಿರಲಿಲ್ಲ. ಕಿತ್ತ ಗಿಡವನ್ನು ಗೋಣಿಯಲ್ಲಿ ಸುತ್ತಿ, ಇಂಥದ್ದು ಮತ್ತೆ ತರದಿರಲು ಏನು ನೋಡಿ ಆರಿಸಬೇಕೆಂದು ಮೇಡಂ ಹತ್ತಿರವೇ ಕೇಳೋಣವೆಂದು ಗಂಡನನ್ನು ಎಳೆದುಕೊಂಡು ಹೋದಳು. ಮೇಜಿನ ಮೇಲೆ ಗೋಣಿ ಬಿಚ್ಚಿದಾಗ ಬೇರಿನ ಸಂದಿಯಿಂದ ಬೆಳ್ಳಗೆ ಗಾರೆ ಉದುರಿತು.

ಮೇಡಂ ಬೇರು ಮುರಿದು ನೋಡಿದರು. ಪೂರ್ತಿ ಒಣಗಿತ್ತು. "ಒಳ್ಳೇ ತಳೀನೇ ಅಮ್ಮ ಇದು. ನಮ್ಮ ಕಡೆ ಬೋರ್ ನೀರಲ್ಲೇ ಸುಣ್ಣ ಜಾಸ್ತಿ, ಅದರ ಮೇಲೆ ಈ ಗಾರೆ ಬೇರೆ. ಆಗಲೇ ಗಾರೆ ತೆಗೆದು ಗೊಬ್ಬರ ಹಾಕಿದ್ರೆ ಬದುಕ್ತಿತ್ತು. ಹಾಗಾದ್ರೆ ಡಬ್ಬೀಲಿ ತಂದಿದ್ದು ಯಾವ ಮಣ್ಣು?"

"ಅದೇ... ಸ್ವಲ್ಪ ನೀಟಾಗಿರ್ಲಿ ಅಂತ ಗೊಬ್ಬರ..." ಎಂದು ಯಜಮಾನರು ತೊದಲಿದರು.

ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು.

"ಗೊಬ್ಬರ ಬೆರೆಸಿದ್ದು ಹೋಗ್ಲಿ ರೀ, ಅದು ನಿಮ್ಮ ಕಸುಬು. ನಾನು ಅಳ್ತಾ ಕೂತಾಗ ನನ್ನನ್ನ ಕ್ಷಮಿಸಿದ್ರಲ್ಲ, ಅದಕ್ಕೆ ಹೇಗೆ ಮನಸ್ಸು ಬಂತು ನಿಮಗೆ?"

ಯಜಮಾನರು ಕರ್ಚೀಫು ತೆಗೆದು ಮೇಡಂ ಮೇಜಿನ ಮೇಲೆ ಬಿದ್ದಿದ್ದ ಗಾರೆಯ ಪುಡಿ ಒರೆಸತೊಡಗಿದರು.