ಅಳದ ಮಗುವಿಗೆ ಕಾಯುವ ಹೊತ್ತಿಲ್ಲ

ಮೂರು ದಿನದ ಮಗುವನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅಮ್ಮಣಿ ಅಭ್ಯಾಸಬಲದಿಂದ ಬಾಣಂತಿಗೂ ಮಗುವಿಗೂ ಮೀಯಲು ನೀರು ಕಾಯಿಸಿದಳು. ಹಂಡೆ ಕುದಿದ ಮೇಲೆ ನೆನಪಾಯಿತು. ಒಳಗೆ ಹಿರಿಯ ಸೊಸೆ ಅಮ್ಮು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎದೆಹಾಲಿಗೆ ರವಿಕೆ ಒದ್ದೆಯಾಗಿತ್ತು. ಕಿರಿಯ ಸೊಸೆ ಕಿನ್ನಿ ತುಂಬುಬಸುರಿ. ಆ ಕೋಣೆಯ ಹೊಸ್ತಿಲು ದಾಟಲು ಅವಳಿಗೆ ಹೆದರಿಕೆ.

ಮಂಗಳೂರಿನಲ್ಲಿ ಹೆರಿಗೆ ಕೆಲಸ ಕಲಿತು ಕುಂಜತ್ತೂರಿಗೆ ಬಂದಿದ್ದ, ಬ್ಯಾರಿ ಮುಸಲ್ಮಾನರ ಮನೆಯ ಬೀಪಾತುಮ್ಮ ಅಮ್ಮುವನ್ನು ನೋಡಲು ಬಂದಳು.

"ಯಾವುದೋ ಕುಲೆ ತಾಗಿದ್ದು, ಸತ್ತವರ ಪ್ರೇತ," ಎಂದಳು ಅಮ್ಮಣಿ. "ಹುಟ್ಟುವಾಗ ನೀಲಿಯಾಗಿತ್ತು. ಕಿವಿ ಹತ್ತಿರ ಕಂಚಿನ ಬಟ್ಟಲು ಬಡಿದೆ, ತಣ್ಣೀರು ಹೊಡೆದೆ. ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತಾದ ಮೇಲೆ ಅತ್ತಿತಲ್ಲ! ಮತ್ತೆ ಸೆಟೆದು ಸೆಟೆದು ಸಾಯೂದೆಂತ?"

"ಆ ಹೊತ್ತೇ ಕೊಂದದ್ದು, ಅಮ್ಮಣಿಯಕ್ಕ. ಮಿದುಳಿಗೆ ಉಸಿರಿನ ಗಾಳಿ ಬೇಕು. ಸಿಗದಿದ್ದರೆ ಅದರೊಳಗಿನ ಸಕ್ಕರೆ ಹುಳಿಯಾಗ್ತದೆ, ಮುಚ್ಚಿಟ್ಟ ಗಂಜಿಯ ಹಾಗೆ. ಹುಳಿ ಬಂದ ಗಂಜಿಗೆ ಆಮೇಲೆ ಗಾಳಿ ಬೀಸಿದರೆ ಸರಿಯಾಗ್ತದಾ? ಕೆಲವು ಮಕ್ಕಳು ಬದುಕ್ತವೆ. ಆದರೆ ಕತ್ತು ನಿಲ್ಲೂದಿಲ್ಲ, ಮಾತು ಬರೂದಿಲ್ಲ."

ಕಿನ್ನಿಯ ಕೈ ಹೊಟ್ಟೆಗೆ ಹೋಯಿತು. ಒಳಗೆ ಮಿಸುಕಾಟವಿಲ್ಲ. ಉಸಿರು ಬಿಗಿಹಿಡಿದು ಕಾದಳು. ಮಿಸುಕಿತು.

"ನನ್ನದೂ ಅಳದಿದ್ದರೆ?"

"ಹೊಕ್ಕುಳಬಳ್ಳಿಯ ಕಸ ಬೀಳಲಿ ಅಂತ ಕಾಯಬಾರದು. ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಬೆಚ್ಚಗೆ ಸುತ್ತಿ, ಬಾಯಿ ಮೂಗಿನ ಲೋಳೆ ತೆಗೆದು ಬೆನ್ನು ಉಜ್ಜಬೇಕು. ಆಗಲೂ ಉಸಿರಿಲ್ಲದಿದ್ದರೆ ನಾನು ಮಗುವಿನ ಬಾಯಿ ಮೂಗು ಎರಡಕ್ಕೂ ಬಾಯಿಟ್ಟು, ಕೆನ್ನೆಯಲ್ಲಿ ಹಿಡಿಯುವಷ್ಟೇ ಗಾಳಿ ಮೆಲ್ಲ ಊದ್ತೇನೆ."

"ಬ್ಯಾರಿ ಹೆಂಗಸಿನ ಎಂಜಲು ನಮ್ಮ ಮಗುವಿಗಾ? ಹದಿಮೂರು ಹೆತ್ತವಳು ನಾನು. ನೀನು ಎಷ್ಟು ಹೆತ್ತಿದ್ದಿ, ಮಾರಾಯ್ತಿ?"

"ಒಂದೂ ಇಲ್ಲ. ನನ್ನ ಬಾಯಿ ಬೇಡದಿದ್ದರೆ ನಿಮ್ಮದು ಕೊಡಿ, ಕಲಿಸ್ತೇನೆ. ಆದರೆ ಎಲೆಯಡಿಕೆ ಉಗುಳಬೇಕು!"

ಅಮ್ಮಣಿ ನಗಲಿಲ್ಲ. ಒಳಗಿನಿಂದ ಅಮ್ಮುವಿನ ದನಿ ಬಂತು. ನಿನ್ನೆಯಿಂದ ಅವಳಾಡಿದ ಮೊದಲ ಮಾತು ಅದು.

"ಕಲಿಯಿರಿ, ಅತ್ತೆ."

ಅಮ್ಮಣಿ ಅಂಗಳಕ್ಕಿಳಿದು ಬಾಯಿ ಮುಕ್ಕಳಿಸಿ ಬಂದಳು. ಬೀಪಾತುಮ್ಮ ಬಟ್ಟೆ ಸುತ್ತಿ ಮಾಡಿಕೊಟ್ಟ ಗೊಂಬೆಯ ಮುಖಕ್ಕೆ ಬಾಗಿ ಊದಿದಳು.

"ಮೆಲ್ಲ! ಒಲೆಯಲ್ಲ ಅದು."

ಮತ್ತೆ ಊದಿದಳು. ಈ ಸಲ ಮೆಲ್ಲ, ಕೆನ್ನೆಯ ಗಾಳಿಯಷ್ಟೇ.

ಬೀಪಾತುಮ್ಮ ಹೊರಟಾಗ, ಸತ್ತ ಮಗು ಬದುಕಿದ್ದಾಗ ಹೊದೆಸಲು ಅವಳಿಂದ ಕೇಳಿ ತಂದಿದ್ದ ಉಣ್ಣೆಯ ಶಾಲನ್ನು ಅಮ್ಮಣಿ ಮಡಚಿ ಹಿಂದೆ ಕೊಟ್ಟಳು.

"ಕಿನ್ನಿಗೆ ನೋವು ಬಂದ ದಿನ ಇದನ್ನು ತಾ. ನೀನೂ ಬಾ."

ಇದನ್ನು ಕೇಳುತ್ತಿರುವ ಅತ್ತೆಯರೇ, ತಾಯಂದಿರೇ, ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಹೆರಿಗೆ ಕಲಿತವಳಿಗೆ ಇವತ್ತೇ ಹೇಳಿಡಿ. ಅವಳು ಯಾವ ಜಾತಿಯವಳೆಂದು ಕೇಳಬೇಡಿ. ಹುಟ್ಟಿದ ಮಗು ಅಳದಿದ್ದರೆ ಕಾಯುತ್ತ ಕೂರಬೇಡಿ. ಒರೆಸಿ, ಬೆಚ್ಚಗಿಡಿ, ಉಸಿರು ಕೊಡಿ.